ಕನ್ಫರ್ಮೇಶನ್ ದಿನ ಬಂದ ಮಟ್ಟೆ ಅಜ್ಜಿ

ಹೋದ ವಾರ ಬಿಳಿಗೆರೆಯ ಪರಿಚಯದವರೊಬ್ಬರು ಒಂದು ಚೀಲ ಕೊಬ್ಬರಿ ಕಳಿಸಿದ್ದರು. ಚೀಲದ ಬಾಯಿ ಬಿಚ್ಚಿದೆ, ಅಷ್ಟೇ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತ ಕಾಯಿಯ ವಾಸನೆ, ಧೂಳು ಹೊಗೆ ಎಣ್ಣೆ ಎಲ್ಲ ಸೇರಿದ್ದು, ಮೂಗಿಗೆ ಬಡಿಯಿತು. ಅಡುಗೆಮನೆಯಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಮಟ್ಟೆ ಅಜ್ಜಿ...

ಹಾಸ್ಟೆಲಿನ ಹುಡುಗಿಯರು ನಾವೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ತಿಪಟೂರಿನ ಅಂಚಿನಲ್ಲಿದ್ದ ನಮ್ಮ ಕಾನ್ವೆಂಟಿಗೆ ಸಣ್ಣದೊಂದು ತೆಂಗಿನ ತೋಟವಿತ್ತು, ಅಡುಗೆಮನೆಯ ಹಿಂದೆ ಕಾಯಿ ತುಂಬಿದ ಅಟ್ಟವಿತ್ತು. ಅದರ ಉಸ್ತುವಾರಿಯೆಲ್ಲ ಅಜ್ಜಿಯದು. ಕಂದಿಕೆರೆ ಕಡೆಯವಳು, ಗಂಡ ಸತ್ತ ಮೇಲೆ ಬಂದು ಕಾನ್ವೆಂಟಿನ ಪಕ್ಕದ ರೂಮಿನಲ್ಲಿದ್ದಳು. ಚರ್ಚಿನ ಬೆಳಗಿನ ಪೂಜೆಗೆ ಕೊನೇ ಸಾಲಿನಲ್ಲಿ ಕೂರುತ್ತಿದ್ದಳು, ಸೀರೆಗೆ ಅಂಟಿದ ತೆಂಗಿನ ಮಟ್ಟೆಯ ನಾರಿನ ಸಮೇತ.

ನಾನಾಗ ಹನ್ನೊಂದರ ಹುಡುಗಿ. ಕ್ಯಾಟಿಕಿಸಂ ಎಂಬ ಧರ್ಮಪಾಠದಲ್ಲಿ ಯಾವಾಗಲೂ ಫಸ್ಟ್. ಗ್ರೇಸ್ ಅಂದರೇನು ಎಂದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕೇಳಿದರೆ ಉಸಿರು ತೆಗೆದುಕೊಳ್ಳದೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ. ದೇವರು ಬಿಟ್ಟಿಯಾಗಿ ಕೊಡುವ ವರ ಅಂತ ಬಾಯಿ ಹೇಳುತ್ತಿತ್ತು. ಮನಸ್ಸಿನಲ್ಲಿ ಮಾತ್ರ, ಫಸ್ಟ್ ಬಂದವರಿಗೇ ಅದು ಮೊದಲು ಸಿಗುವುದು ಎಂದು ಗಟ್ಟಿಯಾಗಿ ನಂಬಿದ್ದೆ.

ಆ ವರ್ಷ ನಮಗೆ ಕನ್ಫರ್ಮೇಶನ್, ವಿಶ್ವಾಸವನ್ನು ಗಟ್ಟಿಮಾಡುವ ಸಂಸ್ಕಾರ. ಬಿಷಪ್ಪರು ಹಣೆಗೆ ತೈಲ ಹಚ್ಚುವಾಗ ಜ್ಞಾನತಾಯಿಯಾದವಳು ಹಿಂದೆ ನಿಂತು ಮಗುವಿನ ಹೆಗಲ ಮೇಲೆ ಬಲಗೈ ಇಡಬೇಕು. ಉಳಿದವರಿಗೆಲ್ಲ ಅತ್ತೆಯರು, ಟೀಚರುಗಳು, ರೇಷ್ಮೆ ಸೀರೆಯವರು. ನನಗೆ ಅಪ್ಪ ಇರಲಿಲ್ಲ. ಅಮ್ಮ ದೂರದ ಆಸ್ಪತ್ರೆಯೊಂದರಲ್ಲಿ ಆಯಾ, ರಜೆ ಸಿಗಲಿಲ್ಲ. ಮದರ್ ನನಗೆ ಮಟ್ಟೆ ಅಜ್ಜಿಯನ್ನು ಗೊತ್ತುಮಾಡಿದರು. ನಾಚಿಕೆಯಿಂದ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಿಂದಿನ ದಿನ, ಶನಿವಾರ, ಅಜ್ಜಿ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತೋರಿಸಿದಳು. "ಕುಳುಕುಳು ಅಂದ್ರೆ ಇನ್ನೂ ನೀರದೆ. ಗಡಗಡ ಅಂದ್ರೆ ಕೊಬ್ಬರಿ ಚಿಪ್ಪು ಬುಟ್ಟದೆ ಅಂತ. ಗಡಗಡ ಅನ್ನೋವ್ನ ಮಾತ್ರ ಇಳ್ಸು. ನಾನು ಸಂತೆಗೋಗಿ ಬತ್ತೀನಿ."

ಎರಡೂ ಸದ್ದು ಮಾಡದ ಕಾಯಿಗಳೂ ಸಿಕ್ಕವು. ನೀರಿಲ್ಲ ಅಂದ ಮೇಲೆ ಒಣಗಿರಲೇಬೇಕಲ್ಲ? ಫಸ್ಟ್ ಬರುವ ತಲೆ ನೋಡಿ! ಒಂದೊಂದಾಗಿ ಎಲ್ಲವನ್ನೂ ಕೆಳಗೆ ಉರುಳಿಸಿದೆ. ಆಳುಗಳು ಸುಲಿದು ಒಡೆದರು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚಿಪ್ಪಿಗೇ ಕಚ್ಚಿಕೊಂಡು ಚೂರುಚೂರಾಗಿ ಬಂತು. "ಯಾವ ಪುಣ್ಯಾತ್ಗಿತ್ತಿ ಕಣ್ಲಾ ಇದ್ನ ಇಳ್ಸಿದ್ದು?" ಎಂದು ಒಬ್ಬ ನಕ್ಕ. ಅಷ್ಟರಲ್ಲಿ ಮದರ್ ಬಂದರು. ಅಂಗಳದ ತುಂಬ ಹಾಳಾದ ಕೊಬ್ಬರಿ.

"ಅಜ್ಜಿನೇ ಎಲ್ಲಾನೂ ಇಳ್ಸು ಅಂದ್ರು, ಮದರ್," ಅಂದೆ.

ತಲೆ ಎತ್ತಿದರೆ ಅಜ್ಜಿ ಗೇಟಿನ ಹತ್ತಿರ, ಕೈಚೀಲ ಹಿಡಿದು ನಿಂತಿದ್ದಾಳೆ. ಕೇಳಿಸಿಕೊಂಡಿದ್ದಳು. ನನ್ನನ್ನೇ ಒಂದು ಗಳಿಗೆ ನೋಡಿ, "ನಂದೇ ತಪ್ಪು ಕಣವ್ವಾ" ಎಂದು ಮದರಿಗೆ ಹೇಳಿದಳು. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಅಂದರು ಮದರ್.

ಬೆಳಗಾದರೆ ಕನ್ಫರ್ಮೇಶನ್. ಅಜ್ಜಿಯ ರೂಮಿಗೆ ಬೀಗ ಬಿದ್ದಿತ್ತು. ಮೊದಲ ಬಸ್ಸಿಗೆ ಊರಿಗೆ ಹೋದಳಂತೆ ಅಂದರು ಹುಡುಗಿಯರು. ಬಿಳೀ ಫ್ರಾಕ್ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಎಲ್ಲರ ಹಿಂದೆಯೂ ಒಬ್ಬೊಬ್ಬರು. ನನ್ನ ಹಿಂದೆ ಬರೀ ಗಾಳಿ. ನಾನು ಫಸ್ಟ್ ಹುಡುಗಿಯಲ್ಲ, ಸುಳ್ಳಿ; ನನಗೆಂಥ ತೈಲ, ಎಂಥ ದೇವರು... ಸಾಲು ಬಿಟ್ಟು ಓಡಿಹೋಗೋಣ ಎಂದು ಪಕ್ಕದ ಬಾಗಿಲು ನೋಡುತ್ತಿದ್ದೆ. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ಒರಟು, ಭಾರ. ಫ್ರಾಕಿನ ಬಟ್ಟೆಯನ್ನು ಪರಚುವಂಥ ಕೈ. ಊರಿಗೆ ಹೋದವಳು ಯಾವಾಗ ವಾಪಸ್ ಬಂದಳೋ!

"ಅಜ್ಜಿ, ನಾನು ಸುಳ್ಳಿ," ಅಂದೆ, ಅಳುತ್ತಾ.

"ಸುಳ್ ಹೇಳ್ದೆ, ಹೌದು. ಅದು ನೀನು ಮಾಡಿದ್ದು ಕಣೇ, ನೀನಲ್ಲ. ನೀನು ನನ್ನ ಮಗ್ಳು. ನೆನ್ನೇನೂ ಮಗ್ಳೇ, ಇವತ್ತೂ ಮಗ್ಳೇ. ಸಿಂಬಳ ಒರ್ಸ್ಕೊಂಡು ಮುಂದಕ್ಕೆ ನಡಿ. ಬಿಷಪ್ಪರಿಗೂ ಹೊಟ್ಟೆ ಹಸ್ದಿರ್ತದೆ."

ಅಳುವಿನ ಮಧ್ಯೆಯೇ ನಗು ಬಂತು. ತೈಲ ತಣ್ಣಗೆ ಹಣೆಗೆ ತಾಗಿತು.

ಪೂಜೆ ಮುಗಿದ ಮೇಲೆ ಮದರ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಹೇಳು ಅಂತ ಅಜ್ಜಿ ಒಂದು ಮಾತೂ ಆಡಿರಲಿಲ್ಲ. ಆದರೆ ಆ ಕೈ ಬಿದ್ದ ಮೇಲೆ ಹೇಳದೆ ಇರುವುದಕ್ಕೆ ಆಗಲಿಲ್ಲ. ಮದರ್ ನನಗೆ ಚೆನ್ನಾಗಿ ಬೈದರು. ಆಮೇಲೆ ತಾವೇ ಅಂಗಳ ದಾಟಿ ಹೋಗಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. ಸೋಮವಾರ ಅಜ್ಜಿ ಮತ್ತೆ ಅಟ್ಟದ ಮೇಲೆ! ನನ್ನನ್ನೂ ಹತ್ತಿಸಿದಳು. "ಸದ್ದಿಲ್ದೆ ಇರ್ತದಲ್ಲ, ಅದ್ರೊಳಗೆ ಕೆಲ್ಸ ನಡೀತಾ ಅದೆ ಅಂತ. ಅದ್ನ ಅದ್ರ ಪಾಡಿಗೆ ಬುಟ್ಬುಡ್ಬೇಕು. ಮೊನ್ನೆ ನಾನು ಹೇಳ್ಲಿಲ್ಲ ನೋಡು," ಅಂದಳು, ಆವತ್ತಿನ ತಪ್ಪು ನಿಜಕ್ಕೂ ತನ್ನದೇ ಎಂಬಂತೆ.

ಮುಂದೆ ನಾನು ಟೀಚರ್ಸ್ ಟ್ರೈನಿಂಗಿಗೆ ಮೈಸೂರಿಗೆ ಹೋದೆ. ಅಜ್ಜಿ ತೀರಿಕೊಂಡ ಕಾಗದ ಕೈಗೆ ಬರುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು.

ಈಗ ನನಗೆ ಅವಳಿಗಿಂತ ಹೆಚ್ಚು ವಯಸ್ಸು. ಮಕ್ಕಳ ಮೇಲೆ ಅನ್ಯಾಯವಾಗಿ ರೇಗಿದ ಕ್ಲಾಸುಗಳಿವೆ, ಗಂಡನ ಕೊನೇ ದಿನಗಳಲ್ಲಿ ತಾಳ್ಮೆ ತಪ್ಪಿದ ಮಧ್ಯಾಹ್ನಗಳಿವೆ. ಕೆಟ್ಟವಳು ಎಂದು ನನಗೆ ನಾನೇ ಹೆಸರಿಟ್ಟುಕೊಳ್ಳಲು ಹೊರಟಾಗಲೆಲ್ಲ ದೇವರು ಕಂದಿಕೆರೆಯ ಕನ್ನಡದಲ್ಲೇ ನನ್ನನ್ನು ಗದರಿಸಿದ್ದಾನೆ. ಗ್ರೇಸ್ ಬಗ್ಗೆ ಇವತ್ತಿಗೂ ನನಗೆ ಗೊತ್ತಿರುವುದು ಇಷ್ಟೇ.

ಒಂದು ಮಾತ್ರ ಉಳಿದುಹೋಯಿತು. ಮದರ್ ಎದುರು ಒಪ್ಪಿಕೊಂಡೆ, ಪಾಪನಿವೇದನೆಯಲ್ಲಿ ಫಾದರ್ ಎದುರು ಒಪ್ಪಿಕೊಂಡೆ. ಅಜ್ಜಿಗೆ ಮಾತ್ರ ಸಾರಿ ಎಂದು ಒಂದು ದಿನವೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ... ಅವಳು ಅದಕ್ಕೆ ಕಾದವಳೂ ಅಲ್ಲ. ನಾನು ಹೇಳುವುದಕ್ಕೆ ಮುಂಚೆಯೇ ಆವತ್ತು ನನ್ನ ಹಿಂದೆ ಬಂದು ನಿಂತುಬಿಟ್ಟಿದ್ದಳು.