ಬಾಲದ ಮುನಿರಾಮಯ್ಯನ ಕಾಗೆ ಫೋಟೋ

ಮಾರೇನಹಳ್ಳಿಯಲ್ಲಿ ಮುನಿರಾಮಯ್ಯ ಎಂದರೆ ‘ಯಾವ ಮುನಿರಾಮಯ್ಯ?’ ಎನ್ನುತ್ತಿದ್ದರು. ಬಾಲದ ಮುನಿರಾಮಯ್ಯ ಎಂದರೆ ಮಾತ್ರ ಯಾರಾದರೂ ನಗುತ್ತಾ ಮನೆ ಬಾಗಿಲವರೆಗೆ ಬಿಟ್ಟುಬರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಊರಿನ ಹೊಲಗಳೆಲ್ಲ ಬಡಾವಣೆಗೆ ಹೋಗಿ ಕೈಗೆ ಪರಿಹಾರ ಬಂದಾಗ ಕೆಲವರು ಮನೆ ಕಟ್ಟಿಸಿದರು, ಕೆಲವರು ಮೋಟರ್ ಸೈಕಲ್ ಕೊಂಡರು. ಈ ಮಹಾಶಯ ಮನೆಗೆ ತಾರಸಿ ಹಾಕಿಸಿದ್ದಲ್ಲದೆ ಒಂದು ಕ್ಯಾಮರಾ ಕೊಂಡ. ಯಾಕಪ್ಪಾ ಅಂದರೆ ಹಕ್ಕಿಗಳ ನಡವಳಿಕೆ ನೋಡುವುದಕ್ಕಂತೆ! ನೇಗಿಲ ಹಿಂದೆ ಬರುತ್ತಿದ್ದ ಗೊರವಂಕಗಳನ್ನು ಆಯುಷ್ಯವೆಲ್ಲ ಕಲ್ಲು ಬೀಸಿ ಓಡಿಸಿದವನಿಗೆ, ಹೊಲ ಹೋದ ಮೇಲೆ ಅವುಗಳ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿಬಂದಿತ್ತು.

ಹಕ್ಕಿಗಳಿಗೆ ಮಾತ್ರ ಹಳೆಯ ನೆನಪು ಹೋಗಿರಲಿಲ್ಲವೋ ಏನೋ. ಇವನು ಕ್ಯಾಮರಾ ಕಣ್ಣಿಗೆ ಹಿಡಿಯುವುದೇ ತಡ, ಪುರ್ರನೆ ಹಾರಿಬಿಡುತ್ತಿದ್ದವು. ಗೊರವಂಕವಾಗಲಿ, ಗಿಣಿಯಾಗಲಿ, ಹದ್ದಾಗಲಿ, ಫೋಟೋದಲ್ಲಿ ಉಳಿಯುತ್ತಿದ್ದುದು ಬಾಲ. ರೀಲು ತೊಳೆದುಕೊಡುತ್ತಿದ್ದ ಸ್ಟುಡಿಯೋ ಪಂಚಾಕ್ಷರಿ ನಗು ನುಂಗಿಕೊಂಡು, “ಮುನಿರಾಮಣ್ಣ, ಈ ಸಲ ಬಾಲ ಬಹಳ ಚೆನ್ನಾಗ್ ಬಂದಿದೆ” ಎನ್ನುತ್ತಿದ್ದ. ಆ ಮಾತು ಊರೆಲ್ಲ ಹರಡಿ ಹೆಸರಿಗೆ ಅಂಟಿಕೊಂಡಿತು.

ಹೆಸರು ಕೆಟ್ಟರೆ ಕೆಡಲಿ, ಅವನ ಎದೆಯಲ್ಲಿ ಕೂತಿದ್ದ ಮುಳ್ಳೇ ಬೇರೆ. ಅಪ್ಪ ಬೈರಪ್ಪ ಸಾಯುವ ಮುಂಚೆ ಬಾವಿ ಪಕ್ಕದ ಮೂಲೆ ಸೈಟನ್ನು ಮಗಳು ಹನುಮಕ್ಕನಿಗೆ ಕೊಡು ಎಂದಿದ್ದ. ಸುಂಕದಕಟ್ಟೆಗೆ ಕೊಟ್ಟಿದ್ದ ಆ ತಂಗಿ ಸೋರುವ ಬಾಡಿಗೆ ಮನೆಯಲ್ಲಿದ್ದಳು. “ಆಗ್ಲಿ ಬಿಡಪ್ಪಾ” ಎಂದಿದ್ದ ಮುನಿರಾಮಯ್ಯ, ಅಪ್ಪ ಕಣ್ಣು ಮುಚ್ಚಿದ ಮೇಲೆ ಮರೆತ. ಮರೆತನಂತೆ, ಪಾಪ! ಆ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಅವನು ತಾರಸಿಯಲ್ಲಿ ಎಡೆಯಿಟ್ಟು, ಎಂದಿನಂತೆ ಕ್ಯಾಮರಾ ಹಿಡಿದು ಕಾದರೂ ಕಾಗೆ ಅದನ್ನು ಮುಟ್ಟಲೇ ಇಲ್ಲ. ಚಿಕ್ಕಪ್ಪ ದೊಡ್ಡಹನುಮಯ್ಯನ ಮನೆಯಲ್ಲೋ, ಎಲೆ ಹಾಸುವ ಮುಂಚೆಯೇ ಕಾಗೆಗಳ ಜಾತ್ರೆ. ಬೈರಪ್ಪ ಮಗನ ಮೇಲೆ ಮುನಿಸಿಕೊಂಡಿದ್ದಾನೆ ಎಂದು ಊರು ತೀರ್ಪು ಕೊಟ್ಟಿತು.

ಮರುವರ್ಷ ಅವನು ಪಕ್ಕಾ ಯೋಚನೆ ಮಾಡಿದ. ಕಾಗೆ ಎಡೆ ತಿನ್ನುವ ಫೋಟೋ ತೆಗೆದು, ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರೆ ಊರಿನ ಬಾಯಿಗೆ ಬೀಗ. ಸೈಟೂ ಕೈಯಲ್ಲೇ.

ಅಮಾವಾಸ್ಯೆ ಬಂತು. ಬೈರಪ್ಪನಿಗೆ ಇಷ್ಟವಾದ ಕೋಳಿ ಸಾರು, ಮುದ್ದೆ, ಮೇಲೊಂದು ಬೀಡಿ ಕಟ್ಟು ಎಲೆಯಲ್ಲಿ ಕೂತವು. ಮುನಿರಾಮಯ್ಯ ಎದುರಿಗೆ ಕ್ಯಾಮರಾ ಹಿಡಿದು ನಿಂತ. “ಕಾ ಕಾ, ಬಾರಪ್ಪೋ!” ಎಂದು ಕೂಗಿದ. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ಕತ್ತು ಕೊಂಕಿಸಿ ನೋಡಿದವು. ಒಂದೂ ಇಳಿಯಲಿಲ್ಲ.

“ಅಪ್ಪಾ, ಮುನೇಶ್ವರನ ಗುಡಿಗೆ ಸುಣ್ಣ ಹೊಡಿಸ್ತೀನಿ!” ಕಾಗೆ ಬರಲಿಲ್ಲ. “ಕುಡಿಯೋದು ಬಿಟ್ಬಿಡ್ತೀನಿ ಕಣಪ್ಪಾ!” ನೆಂಟರೆಲ್ಲ ಕಿಸಕ್ಕೆಂದರು. ಕಾಗೆಯೂ ನಂಬಲಿಲ್ಲ. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಕೆಳಗಿನಿಂದ ಸಾರಿನ ಘಮ ಬೇರೆ, ಹೊಟ್ಟೆಗಳು ಚುರುಗುಟ್ಟತೊಡಗಿದವು.

ಹೆಂಡತಿ ಕಮಲಾಕ್ಷಮ್ಮ ರೇಗಿದಳು: “ಏನೂಂದ್ರೆ, ಮುಖಕ್ಕೆ ಡಬ್ಬ ಅಡ್ಡ ಹಿಡ್ಕೊಂಡು ಯಾರಾದ್ರೂ ದೇವ್ರನ್ನ ಕರೀತಾರಾ? ಇಳ್ಸಿ ಅದನ್ನ!”

ಚಿಕ್ಕಪ್ಪ ಕೋಲು ಕುಟ್ಟಿದ: “ಲೋ ಮುನಿರಾಮ, ನಿಮ್ಮಪ್ಪನ ಮನ್ಸಲ್ಲಿ ಏನಿತ್ತು ಅಂತ ನಿಂಗೊತ್ತು ಕಣ್ಲಾ. ಅದನ್ನ ಬಾಯ್ಬಿಡು.”

ಹನುಮಕ್ಕ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಮುನಿರಾಮಯ್ಯ ಸೋತ. ಊಟಕ್ಕೆಂದು ಬಂದಿದ್ದ ಪಂಚಾಕ್ಷರಿಯ ಕೈಗೆ ಕ್ಯಾಮರಾ ಕೊಟ್ಟ. ಅವನು ಮೆಟ್ಟಿಲ ಬಾಗಿಲ ಹಿಂದೆ ಅವಿತು ನಿಂತ. ಮುನಿರಾಮಯ್ಯ ಕೈ ಮುಗಿದು, “ಅಪ್ಪಾ, ಮೂಲೆ ಸೈಟು ಹನುಮಕ್ಕಂಗೇ ಬರ್ಕೊಡ್ತೀನಿ. ಬಂದು ಉಣ್ಣಪ್ಪಾ” ಎಂದ.

ದಪ್ಪ ಕಾಗೆಯೊಂದು ಇಳಿದು ಬಂದು ಕೋಳಿ ತೊಡೆಗೇ ಕೊಕ್ಕು ಹಾಕಿತು. ಬಾಗಿಲ ಹಿಂದೆ ಕ್ಲಿಕ್ ಎಂದಿತು. ಹನುಮಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಸುಳ್ಳೇಕೆ, ಮುನಿರಾಮಯ್ಯನ ಕಣ್ಣೂ ಒದ್ದೆಯಾಯಿತು.

ಫೋಟೋ ಬಂತು. ಕೊಕ್ಕು, ಕಣ್ಣು, ರೆಕ್ಕೆ, ಬಾಲ, ಕಾಗೆ ಪೂರ್ತಿ ಇತ್ತು! ಹಿಂದೆ ಕೈ ಮುಗಿದ ಮುನಿರಾಮಯ್ಯ. ಅವನ ಜಂಬ ಹೇಳತೀರದು. ಕಟ್ಟು ಹಾಕಿಸಿದ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಹೋಟೆಲು, ಕ್ಷೌರದಂಗಡಿ, ಬಸ್ ಸ್ಟಾಪು ಸುತ್ತಿದ. “ನೋಡ್ರಪ್ಪಾ, ನಮ್ಮಪ್ಪ! ನನ್ನ ಎಡೆ ಉಣ್ತಾವ್ನೆ. ಯಾರೋ ಮುನಿಸು ಅಂದಿದ್ದು?”

ಆದರೆ ಆ ಫೋಟೋ ತೆಗೆದವನು ಪಂಚಾಕ್ಷರಿ ಎನ್ನುವುದು ಒಳಗೇ ಕೊರೆಯುತ್ತಿತ್ತು. ತಾನೇ ಒಂದು ತೆಗೆಯುತ್ತೇನೆಂದು ಅನ್ನ ಚೆಲ್ಲಿ ತಾರಸಿಯಲ್ಲಿ ಕೂತ. ಕ್ಯಾಮರಾ ಎತ್ತಿದರೆ ಕಾಗೆ ಹಾರಿತು. ಕೆಳಗಿಟ್ಟರೆ ಬಂತು. ಮತ್ತೆ ಎತ್ತಿದ, ಹಾರಿತು. ಇಟ್ಟ, ಬಂತು. ಹೋದ ವರ್ಷವೂ ತಾನು ಎಡೆಯ ಮುಂದೆ ಇದೇ ಡಬ್ಬ ಹಿಡಿದು ನಿಂತಿರಲಿಲ್ಲವೇ? ಅಯ್ಯೋ, ಹೆದರಿದ್ದು ಈ ಗಾಜಿನ ಕಣ್ಣಿಗೆ! ಸುಮ್ಮನೆ ಸೈಟು ಬಾಯಿಬಿಟ್ಟು ಕೊಟ್ಟೆನಲ್ಲಾ!

ಪಂಚೆ ಎತ್ತಿಕಟ್ಟಿ ಚಿಕ್ಕಪ್ಪನ ಜಗಲಿಗೆ ಓಡಿದ. “ಚಿಕ್ಕಪ್ಪಾ, ಕಾಗೆ ಬಂದಿದ್ದು ಸೈಟಿಗಲ್ಲ, ಕ್ಯಾಮರಾ ಇಳಿಸಿದ್ದಕ್ಕೆ. ಬಾ ಬೇಕಾದ್ರೆ, ತೋರಿಸ್ತೀನಿ. ಆ ಮಾತು ಲೆಕ್ಕಕ್ಕಿಲ್ಲ!”

ದೊಡ್ಡಹನುಮಯ್ಯ ಎಲೆಗೆ ಸುಣ್ಣ ಹಚ್ಚುತ್ತಲೇ ಎಲ್ಲ ಕೇಳಿಸಿಕೊಂಡ. “ಆಯ್ತು ಕಣಪ್ಪ. ಹಂಗಾದ್ರೆ ಫೋಟೋದಲ್ಲಿರೋದು ನಿಮ್ಮಪ್ಪ ಅಲ್ಲ, ಬರೀ ಕಾಗೆ. ನಿಮ್ಮಪ್ಪ ಈ ವರ್ಷವೂ ನಿನ್ ಮನೆ ಮೆಟ್ಟಿಲು ಹತ್ತಲಿಲ್ಲ. ಊರಿಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?”

ಮುನಿರಾಮಯ್ಯ ಎತ್ತಿಕಟ್ಟಿದ್ದ ಪಂಚೆಯನ್ನು ಕೆಳಗಿಳಿಸಿದ. ಆಮೇಲೆ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ.

ದೀಪಾವಳಿ ಕಳೆದ ಮೇಲೆ ಸೈಟು ಹನುಮಕ್ಕನ ಹೆಸರಿಗೆ ನೋಂದಣಿಯಾಯಿತು. ಅವಳು ಎರಡು ಕೋಣೆಯ ಶೀಟಿನ ಮನೆ ಎಬ್ಬಿಸಿ, ಗೃಹಪ್ರವೇಶದ ದಿನ ಅಣ್ಣನ ಕಾಲಿಗೆ ಬಿದ್ದಳು. “ಅಣ್ಣಾ, ಆ ಕಾಗೆ ಫೋಟೋ ನಂಗೂ ಒಂದು ಹಾಕಿಸ್ಕೊಡು. ಅಪ್ಪ ಈ ಮನೇಲೂ ಇರ್ಲಿ.”

ಅವನೇ ಹಾಕಿಸಿಕೊಟ್ಟ. ಮೊಳೆಯನ್ನೂ ಅವನೇ ಹೊಡೆದ, ಹೊಡೆಯುವಾಗ ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. “ನೋವಾಯ್ತಾ ಅಣ್ಣಾ?” ಎಂದು ಹನುಮಕ್ಕ ಓಡಿಬಂದಳು. ಫೋಟೋದ ಕಾಗೆಯನ್ನೇ ದುರುಗುಟ್ಟಿ ನೋಡುತ್ತಾ ಅವನು, “ಇಲ್ಲ ಕಣಮ್ಮಾ” ಎಂದ.