ಕಂಬಕ್ಕೆ ಕಿವಿಯಿಟ್ಟವರು

ನಮ್ಮ ಭಾವನವರ ಎಡಗಿವಿಯ ಮೇಲೆ ರೂಪಾಯಿಯಗಲದ ಕಪ್ಪು ಕಲೆಯಿತ್ತು. ಹುಟ್ಟುಗುರುತಲ್ಲ, ಗ್ರೀಸು. ಸೋಪು, ಸೀಮೆಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ. ವಳಸಂಗದ ನಮ್ಮ ಮನೆಯ ತಗಡಿನ ಪತ್ರಾ ಶೆಡ್ಡಿನಲ್ಲಿ ಕಾರು ಎತ್ತುವ ಲಿಫ್ಟ್ ಹಾಕಿಸಿದ ಮೇಲೆ, ಪ್ರತಿ ಗಾಡಿ ಏರಿದಾಗಲೂ ಅವರು ಅದರ ಕಬ್ಬಿಣದ ಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಎತ್ತಿದ ಗಾಡಿಯನ್ನು ನಾಲ್ಕು ಬೆರಳು ಇಳಿಸಿದರೆ ಕಂಬದೊಳಗಿನ ಲಾಕು ಕಚ್ಚಿ ‘ಟಕ್’ ಅನ್ನುತ್ತದೆ. ಎರಡು ಕಂಬ, ಎರಡು ಟಕ್. ಎರಡನೆಯದು ಕೇಳುವ ತನಕ ಗಾಡಿಯ ಕೆಳಗೆ ಇರುವೆಯನ್ನೂ ಬಿಡುತ್ತಿರಲಿಲ್ಲ. “ಎತ್ತೂದು ಮಶೀನಿನ ಕೆಲಸ, ಹಿಡಿಯೂದು ಲಾಕಿನ ಕೆಲಸ” ಎನ್ನುವುದು ಅವರ ಮಾತು.

ಭಾವನವರೆಂದರೆ ನನ್ನ ಗಂಡನ ಅಣ್ಣ. ಬಸ್ ಡೆಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ರಿಟೈರಾದವರು. ನನ್ನ ಗಂಡ ಸೋಲಾಪುರದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಲಿಫ್ಟೂ ಇರಲಿಲ್ಲ, ಜಾಕಿನ ಜೊತೆ ಗಾಡಿಗೆ ಆಸರೆಯಾಗಿ ಕೊಡಬೇಕಾದ ಸ್ಟ್ಯಾಂಡೂ ಇರಲಿಲ್ಲ. ಒಂದು ಮುಂಜಾನೆ ಅವರು ಗಾಡಿಯ ಕೆಳಗೆ ಮಲಗಿದ್ದಾಗ ಜಾಕು ಜಾರಿತು. ನಾನು ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿ ಹಾಗೇ ಮರಳಿ ಬಂದವು. ಗ್ಯಾರೇಜಿನ ಮಾಲೀಕ ಮಣ್ಣಿಗೂ ಬರಲಿಲ್ಲ. ಅವನ ಮಾತು ಮಾತ್ರ ಬಂತು: ಕುಡಿದಿದ್ದನಂತೆ. ಚಹಾದ ಹೊರತು ಬೇರೆ ಮುಟ್ಟದ ಮನುಷ್ಯ! ಮಗಳನ್ನು ನೋಡಲು ಸಲಗರದಿಂದ ಬಂದವರು ಅವಲಕ್ಕಿ ತಿಂದು, ಕುಡಿದು ಸತ್ತವನ ಮಗಳಲ್ಲವೇ ಎಂದು ಕೇಳಿ ಎದ್ದುಹೋದರು.

ಅಂದು ಭಾವನವರು ತಾಟಿನ ಮುಂದೆ ಕೂರಲಿಲ್ಲ. “ಆ ಮಾತ ಅವನ ಬಾಯಿಂದನ ವಾಪಸ್ ತೆಗಸ್ತೀನಿ, ತಂಗೀ” ಅಂದರು. ಮರುದಿನ ಶೆಡ್ಡಿನಲ್ಲಿ ಗುಂಡಿ ತೋಡತೊಡಗಿದರು.

ನಮ್ಮದು ಎರೆಮಣ್ಣು; ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ಮುರುಮಿನ ನೆಲ ತಾಕುವವರೆಗೆ ತೋಡಿ, ಸಲಾಕೆ ಕಟ್ಟಿ, ಲಿಫ್ಟಿನ ಕಂಬ ನಿಲ್ಲಿಸಲು ಕಾಂಕ್ರೀಟ್ ತುಂಬಿಸಿದರು. ಗೋಣಿತಟ್ಟು ಹೊದಿಸಿ ಇಪ್ಪತ್ತೆಂಟು ದಿನ ಮುಂಜಾನೆ ಸಂಜೆ ನೀರುಣಿಸಿದರು. ನಾನು ಗೋಡೆಗೆ ಇದ್ದಲಿನಿಂದ ದಿನಕ್ಕೊಂದು ಗೆರೆ ಎಳೆದೆ. ಎದುರಿನ ಕಟ್ಟೆಯವರು, “ಏನ್ರಿ ಕಾಕಾ, ಮೊಳಕಿ ಯಾವಾಗ ಒಡೀತದ?” ಎಂದು ಚಾಷ್ಟಿ ಮಾಡಿದರೆ, “ಬೇರ ಆಳಕ್ಕ ಹೋಗ್ಯಾವಪಾ, ಟೈಮ್ ಹಿಡೀತದ” ಅನ್ನುತ್ತಿದ್ದರು.

ಲಿಫ್ಟ್ ನಿಂತ ದಿನ ತಮ್ಮನ ಫೋಟೋವನ್ನು ಶೆಡ್ಡಿನ ಆಚೆಗೋಡೆಗೆ ತಗ್ಗಿನಲ್ಲಿ ತೂಗುಹಾಕಿದರು. ಗಾಡಿ ನೆಲದ ಮೇಲಿದ್ದಾಗ ಮರೆಯಾಗಿರಬೇಕು, ಮೇಲೇರಿದ ಮೇಲೆ ಅದರ ಕೆಳಗೆ ನಿಂತವನಿಗೆ ಕಾಣಬೇಕು. ಇಷ್ಟು ತಗ್ಗಿಗೆ ಯಾಕೆಂದು ಕೇಳಿದೆ. ಸೋಲಾಪುರದವರು ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ನಮ್ಮೂರ ರಸ್ತೆಯಲ್ಲೇ ಹೋಗಬೇಕು, ಎಲ್ಲರ ಗಾಡಿಯೂ ಒಂದು ದಿನ ಕೆಡುತ್ತದೆ ಎಂದರು.

ಮೂರು ವರ್ಷಕ್ಕೆ ಕೆಟ್ಟಿತು. ಒಂದು ಗುರುವಾರ ದರ್ಶನ ಮುಗಿಸಿ ಮರಳುವಾಗ ಆ ಗ್ಯಾರೇಜ್ ಮಾಲೀಕನ ಕಾರಿನ ಸೈಲೆನ್ಸರ್ ಕಳಚಿ ನೆಲಕ್ಕೆ ಉಜ್ಜುತ್ತಿತ್ತು. ನಮ್ಮನ್ನು ಅವನು ಕಂಡವನಲ್ಲ. ಭಾವನವರು ತಮ್ಮನ ಹೆಣ ತರಲು ಹೋದಾಗ ಅವನನ್ನು ಆಸ್ಪತ್ರೆಯ ಹೊರಗೆ ದೂರದಿಂದ ಒಮ್ಮೆ ನೋಡಿದ್ದರು, ಅಷ್ಟು ಸಾಕಿತ್ತು. ಅವನ ಹೆಂಡತಿ ಪ್ರಸಾದದ ಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಗಾಡಿ ಏರಿತು, ನಾಲ್ಕು ಬೆರಳು ಇಳಿಯಿತು. ಅಂದು ಭಾವನವರು ಕಂಬಕ್ಕೆ ಕಿವಿ ಹಚ್ಚಲಿಲ್ಲ. ಹೊಸ್ತಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ನನಗೆ ಎರಡೂ ಟಕ್ ಕೇಳಿಸಿದವು.

ಮುರಿದ ಜಾಗ ತೋರಿಸುತ್ತೇನೆಂದು ಅವನನ್ನು ಕೆಳಗೆ ಕರೆದರು. ಬಂದ. ಫೋಟೋ ಕಂಡ. ಮುಖ ಬೂದಿಯಾಯಿತು. ಭಾವನವರ ಕೈ ಆಗಲೇ ಗಾಡಿ ಇಳಿಸುವ ಹಿಡಿಕೆಯ ಮೇಲಿತ್ತು.

“ಗುರ್ತ ಸಿಕ್ತೇನ? ನನ್ನ ತಮ್ಮ. ಆವತ್ತ ಕುಡಿದಿದ್ನೇನ?”

ಆದದ್ದು ಆಗಿಹೋಯಿತು ಎಂದು ಏನೋ ತೊದಲಿದ. ಭಾವನವರು ಹಿಡಿಕೆ ಒತ್ತಿದರು. ಮಶೀನು ಉಸ್ಸೆಂದಿತು. ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅವನು ಮೊಣಕಾಲೂರಿದ. ಲಾಕು ಹಿಡಿದ ಗಾಡಿ ನೂಲೆಳೆಯಷ್ಟೂ ಕದಲಲಿಲ್ಲ. ಲಿಫ್ಟನ್ನೇ ಹಾಕಿಸದವನಿಗೆ ಅದು ಹೇಗೆ ತಿಳಿಯಬೇಕು? ಲಾಕು ಬಿದ್ದಿದೆ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಸೆರಗು ಹಲ್ಲಲ್ಲಿ ಕಚ್ಚಿ ನಿಂತೆ.

“ತೋ ಪ್ಯಾಯಲೇಲಾ ನವ್ಹತಾ,” ಅಂದ ಮರಾಠಿಯಲ್ಲಿ.

“ಕನ್ನಡದಾಗ ಹೇಳು. ಓಣಿಗೆ ಕೇಳ್ಬೇಕು.”

“ಕುಡಿದಿರ್ಲಿಲ್ರಿ. ಸ್ಟ್ಯಾಂಡ್ ನಾನ ಕೊಟ್ಟಿರ್ಲಿಲ್ಲ. ತಪ್ಪ ನಂದ.”

ಕಟ್ಟೆಯವರಿಗೆ ಕೇಳಿಸಿತು. ಅವನ ಹೆಂಡತಿಗೂ ಕೇಳಿಸಿತು. ಪ್ರಸಾದದ ಚೀಲವನ್ನು ಕುರ್ಚಿಯಲ್ಲೇ ಬಿಟ್ಟು ರಸ್ತೆಗೆ ಹೋಗಿ ನಿಂತಳು. ನನಗೆ ಅವಳ ಮೇಲೂ ಕನಿಕರ ಬರಲಿಲ್ಲ. ಭಾವನವರು ಸೈಲೆನ್ಸರನ್ನು ಹೊಸ ಬೋಲ್ಟು ಹಾಕಿ ಕೂರಿಸಿ, ಬಟ್ಟೆಯಿಂದ ಒರೆಸಿ ಕಳಿಸಿದರು. ಸೇಡನ್ನು ಕೆಲಸದಲ್ಲಿ ಬೆರೆಸುವ ಮನುಷ್ಯರಲ್ಲ.

ಸಂಜೆ ಕೇಳಿದೆ: “ಭಾವಾ, ನೀವು ಕಿವಿ ಹಚ್ಚಲೇ ಇಲ್ಲ. ಲಾಕ್ ಬಿದ್ದದ್ದ ಖಾತ್ರಿ ಇತ್ತಲ್ರಿ?”

“ನಿನಗ ಕೇಳಿಸ್ತಲ್ಲ?”

“ಹೌದ್ರಿ.”

“ಕೇಳಿಸದಿದ್ರ ಒದರ್ತಿದ್ಯೇನ?”

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಸುದ್ದಿ ತಿಳಿದು ಸಲಗರದವರು ಮತ್ತೆ ಬಂದರು. ಭಾವನವರು ಚಹಾ ಕುಡಿಸಿ, ಹುಡುಗಿಯನ್ನು ತೋರಿಸದೆ ಕಳಿಸಿದರು. ಮಗಳಿಗೆ ಮಂಗಳವೇಢೆಯ ಮೆಕ್ಯಾನಿಕ್ ಹುಡುಗನನ್ನು ತಾವೇ ಹುಡುಕಿದರು.

ಹೋದ ವರ್ಷ ತೀರಿಕೊಂಡರು. ಮೈ ತೊಳೆಯುವಾಗ ಯಾರೋ ಕಿವಿಯ ಕಲೆ ತಿಕ್ಕತೊಡಗಿದರು. ಇರಲಿ ಬಿಡಿ ಎಂದು ಕೈ ಹಿಡಿದೆ. ಶೆಡ್ಡನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ. ಫೋಟೋ ಅಲ್ಲೇ ಇದೆ. ಗಾಡಿ ಏರಿದ ಸಪ್ಪಳ ಕೇಳಿದರೆ ನಾನು ಹಿಟ್ಟಿನ ಕೈಯಲ್ಲೇ ಬಂದು ಕಂಬಕ್ಕೆ ಕಿವಿ ಹಚ್ಚುತ್ತೇನೆ. ಎರಡನೆಯ ಟಕ್ ಕೇಳುವ ತನಕ ಅವನನ್ನು ಕೆಳಗೆ ಬಿಡುವುದಿಲ್ಲ.