ಜೊಂಡು, ಗ್ಲೈಕಾಲ್ ಮತ್ತು ಒಂದು ‘ನೋಡೋಣ’

ಮಂಜುಗಡ್ಡೆಯನ್ನು ಫ್ರಿಜ್ಜಿನ ಹೊರಗೆ ಕಂಡಿರದ ಜನ ನಾವು. ಅಂಥವರು ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲಿನ ಆಫೀಸಿನಲ್ಲಿ ಏಸಿ ಹಾಕಿಕೊಂಡು ಕೂತು, ಎಲ್ಲೋ ಹಿಮ ಬೀಳುವ ಊರಿನ ಏರ್‌ಪೋರ್ಟಿಗೆ ಬುದ್ಧಿ ಹೇಳುತ್ತಿದ್ದೆವು. ನಗಬೇಕೋ ಅಳಬೇಕೋ ನೀವೇ ಹೇಳಿ.

ವಿಷಯ ಇಷ್ಟು. ಚಳಿಗಾಲದಲ್ಲಿ ವಿಮಾನದ ರೆಕ್ಕೆಗಳ ಮೇಲೆ ಕಟ್ಟುವ ಮಂಜನ್ನು ಕರಗಿಸಲು ಗ್ಲೈಕಾಲ್ ಎಂಬ ದ್ರವವನ್ನು ಬಿಸಿ ಮಾಡಿ ಎರಚುತ್ತಾರೆ. ಅದು ಸೋರಿ, ಮೋರಿ ಹಿಡಿದು, ಏರ್‌ಪೋರ್ಟಿನ ಹಿಂದಿನ ಹಳ್ಳ ಸೇರಿತೋ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ತಿನ್ನುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಸಾಯುತ್ತವೆ. ಅದೇ ಬ್ಯಾಕ್ಟೀರಿಯಾಗಳನ್ನು ಜಲ್ಲಿ ತುಂಬಿದ ಪಾತಿಯಲ್ಲಿ ಸಾಕಿ, ಮೇಲೆ ಜೊಂಡು ನೆಟ್ಟು, ಅಡಿಯಿಂದ ಗಾಳಿ ಊದಿದರೆ ಗ್ಲೈಕಾಲನ್ನು ಅಲ್ಲೇ ತಿಂದು ಮುಗಿಸುತ್ತವೆ. ನಾವೇ ಕಟ್ಟುವ ಜೌಗು ನೆಲ. ಆದರೆ ಗ್ಲೈಕಾಲಿನಲ್ಲಿ ಸಾರಜನಕವಿಲ್ಲ, ರಂಜಕವೂ ಇಲ್ಲ. ಅವನ್ನು ಗೊಬ್ಬರದ ರೂಪದಲ್ಲಿ ಒಂದಿಷ್ಟು ಬೆರೆಸಲೇಬೇಕು. ಎಲೆ ತುಂಬ ಬರೀ ಪಾಯಸ ಬಡಿಸಿ ಊಟ ಆಯಿತು ಎಂದರೆ ಯಾವ ಹೊಟ್ಟೆ ತಾನೇ ತಾಳುತ್ತದೆ?

ಇದು ನನಗೆ ಮೊದಲ ದಿನವೇ ಗೊತ್ತಿತ್ತು.

ನಮ್ಮ ಬಾಸು ಮೈಸೂರಿನವರು. ಆಫೀಸಿನಲ್ಲಿ ಮಿಕ್ಕವರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ನನಗೆ ಮಾತ್ರ ಅವರು ಅಂಕಲ್. ಯುಗಾದಿಯ ಒಬ್ಬಟ್ಟು ಅವರ ಮನೆಯಲ್ಲೇ ತಿನ್ನುತ್ತಿದ್ದೆನಲ್ಲ! ತಮ್ಮ ಅನುಭವದ ಮಾತನ್ನು ಅವರು ದಿನಕ್ಕೆ ಮೂರು ಹೊತ್ತು ತೆಗೆಯುತ್ತಿದ್ದರು, ಬಿಪಿ ಮಾತ್ರೆಯ ಹಾಗೆ. ಅಷ್ಟು ವರ್ಷದಲ್ಲಿ ಒಂದು ಜೊಂಡಿನ ಗಡ್ಡೆಯನ್ನೂ ಕೈಯಲ್ಲಿ ಮುಟ್ಟಿರಲಿಲ್ಲ.

೨೦೨೨ರ ಬೇಸಗೆಯ ಆ ವಿಡಿಯೋ ಮೀಟಿಂಗಿನಲ್ಲಿ ಏರ್‌ಪೋರ್ಟಿನ ಕಡೆಯಿಂದ ಒಬ್ಬನೇ ಇದ್ದ, ಅಲ್ಲಿನ ನೀರಿನ ಉಸ್ತುವಾರಿಯವನು. ಜೌಗು ಬೇಕೆಂದು ತನ್ನ ಮೇಲಿನವರ ಜೊತೆ ಜಗಳವಾಡಿ ಒಪ್ಪಿಸಿದವನು. ಅವನ ಮನೆ ಅದೇ ಹಳ್ಳದ ದಂಡೆಯಲ್ಲಿತ್ತು. “ಒಂದೇ ಒಂದು ಟ್ರಯಲ್‌ಗೆ ಒಪ್ಪಿದ್ದಾರೆ. ಇದು ಕೆಟ್ಟರೆ ಮತ್ತೆ ಕೇಳಿಸಿಕೊಳ್ಳುವುದಿಲ್ಲ, ಎಲ್ಲವೂ ಹಳ್ಳಕ್ಕೇ” ಎಂದವನು, ಗೊಬ್ಬರ ಏನಾದರೂ ಬೇಕಾಗುತ್ತದೆಯೇ ಎಂದು ಕೇಳಿದ.

ಅಂಕಲ್ ಗಂಟಲು ಸರಿಮಾಡಿಕೊಂಡರು. ನೀರು ಶುದ್ಧ ಮಾಡುವ ಕಡೆ ಗೊಬ್ಬರ ಸುರಿದರೆ ಜನ ಏನಂದಾರು, ಇದು ನ್ಯಾಚುರಲ್ ಸಿಸ್ಟಮ್, ನೇಚರ್ ತಾನೇ ನೋಡಿಕೊಳ್ಳುತ್ತದೆ ಎಂದು ಇಂಗ್ಲಿಷಿನಲ್ಲಿ ಪ್ರವಚನ ಕೊಟ್ಟು, ನನ್ನ ಕಡೆ ತಿರುಗಿ, “ಅಲ್ವೇನಮ್ಮಾ?” ಎಂದರು.

“ನೋಡೋಣ ಅಂಕಲ್” ಎಂದೆ.

ನಮ್ಮಲ್ಲಿ ನೋಡೋಣ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಗೃಹಪ್ರವೇಶಕ್ಕೆ ಬರ್ತೀರಾ ಎಂದರೆ ನೋಡೋಣ. ನಮ್ಮ ಹುಡುಗನಿಗೆ ನಿಮ್ಮ ಮಗಳನ್ನು ಕೊಡ್ತೀರಾ ಎಂದರೆ ನೋಡೋಣ. ಇಲ್ಲ ಎಂಬ ಮಾತಿಗೆ ರೇಷ್ಮೆ ಸೀರೆ ಉಡಿಸಿದರೆ ಆಗುವುದೇ ನೋಡೋಣ. ಮೈಸೂರಿನವರಿಗೆ ಇದನ್ನು ನಾನು ಕಲಿಸಬೇಕೆ?

“ಷಿ ಅಗ್ರೀಸ್” ಎಂದರು ಅಂಕಲ್, ಮೀಟಿಂಗಿಗೆಲ್ಲ. ನಾನು ನಕ್ಕೆ. ಅಯ್ಯೋ, ಆ ನಗುವಿಗಿಷ್ಟು ಬೆಂಕಿ ಬೀಳ!

ದಕ್ಷಿಣಕ್ಕೆ ಎರಡು ಗಂಟೆ ದಾರಿಯ, ಸಮುದ್ರದಂಡೆಯ ಟೊರ್ರಿ ಪೈನ್ಸಿನ ಒಂದು ಲ್ಯಾಬಿನ ಪಾರ್ಕಿಂಗ್ ಲಾಟಿನಲ್ಲಿ ಕೋಲ್ಡ್ ಸ್ಟೋರೇಜ್ ಕಂಟೇನರ್ ಇಟ್ಟು, ಅದರೊಳಗೆ ಜಲ್ಲಿ, ಜೊಂಡು ತುಂಬಿದ ನಾಲ್ಕು ಡ್ರಮ್ ಜೋಡಿಸಿ, ಗೊಬ್ಬರವಿಲ್ಲದೆ ಬರೀ ಗ್ಲೈಕಾಲ್ ನೀರು ಬಿಟ್ಟೆವು. ಹೊರಗೆ ಜನ ಚಡ್ಡಿಯಲ್ಲಿ ಬೀಚಿಗೆ ಹೋಗುತ್ತಿದ್ದರೆ ನಾನು ಟೋಪಿ, ಗ್ಲೌಸು, ದಪ್ಪ ಜಾಕೆಟ್ಟು ತೊಟ್ಟು ಒಳಗೆ ನಡುಗುತ್ತಿದ್ದೆ. ಅಂಕಲ್ ಒಂದು ಸಲ ಬಂದರು. ನನ್ನ ಜಾಕೆಟ್ಟನ್ನೇ ಹಾಕಿಕೊಂಡು ಡ್ರಮ್ಮಿನ ಪಕ್ಕ ಫೋಟೋ ತೆಗೆಸಿಕೊಂಡು, “ಅಬ್ಬಾ, ಏನ್ ಚಳಿ!” ಎಂದು ಹೊರಗೋಡಿದರು. ಜಾಕೆಟ್ಟು ಅವರ ಕಾರಿನಲ್ಲೇ ಲಾಸ್ ಏಂಜಲೀಸ್‌ಗೆ ಹೋಯಿತು.

ವಾರಗಳು ಕಳೆದರೂ ನೀರು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಹಸಿದ ಬ್ಯಾಕ್ಟೀರಿಯಾಗಳು ಜಲ್ಲಿಯ ಸಂದಿಯಲ್ಲೆಲ್ಲ ಲೋಳೆ ಕಟ್ಟಿದವು. ಬಾಗಿಲು ತೆರೆದರೆ ಹಳಸಿದ ಗಂಜಿಯ ವಾಸನೆ. ಅಂಕಲ್ ಫೋನಿನಲ್ಲಿ, “ಜೊಂಡೇ ಸರಿ ಇಲ್ಲಮ್ಮ, ನರ್ಸರಿಯವನು ಮೋಸ ಮಾಡಿದಾನೆ” ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೊಬ್ಬರದ ಮಾತು ತೆಗೆದೆ. “ಅವತ್ತೇ ಹೇಳಬೇಕಿತ್ತು ತಾನೇ? ನೀನೇ ನೋಡೋಣ ಅಂದ್ಯಲ್ಲ!” ಎಂದರು. ಮೈಯೆಲ್ಲ ಉರಿದುಹೋಯಿತು.

ಯಾರನ್ನೂ ಕೇಳದೆ ಒಂದು ಡ್ರಮ್ಮನ್ನು ತೊಳೆದು, ಅದಕ್ಕೆ ಗೊಬ್ಬರದ ನೀರು ಬೆರೆಸಿದೆ. ಎರಡು ವಾರಕ್ಕೆ ಅದರ ನೀರು ತಿಳಿಯಾಯಿತು. ಕುಣಿದಾಡಬೇಕು ಎನ್ನಿಸಿತು. ಆ ರಿಸಲ್ಟನ್ನು ಏರ್‌ಪೋರ್ಟಿಗೆ ಕಳಿಸಿದೆ. ಅಷ್ಟರಲ್ಲಿ ಅಂಕಲ್ ಟ್ರಯಲ್ ಕೆಟ್ಟಿತೆಂಬ ಮೊದಲಿನ ರಿಪೋರ್ಟ್ ಕಳಿಸಿಯಾಗಿತ್ತು. ಏರ್‌ಪೋರ್ಟಿನವರು ಜೌಗಿನ ಯೋಜನೆಯನ್ನೇ ಕೈಬಿಟ್ಟಿದ್ದರು.

ನೀರಿನ ಉಸ್ತುವಾರಿಯವನು ನನಗೆ ಫೋನ್ ಮಾಡಿದ. ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ.

“ಗೊಬ್ಬರ ಬೇಕು ಅಂತ ನಿಮಗೆ ಯಾವಾಗ ಗೊತ್ತಾಯಿತು?”

“ಮೊದಲಿನಿಂದಲೂ ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆ” ಎಂದೆ. ನಮ್ಮ ಭಾಷೆಯಲ್ಲಿ ಹಿರಿಯರಿಗೆ ಇಲ್ಲ ಎನ್ನುವುದು ಹಾಗೆಯೇ ಎಂದು ನೋಡೋಣದ ಅರ್ಥವನ್ನೆಲ್ಲ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಹೇಸಿಗೆಯಾಯಿತು. ಇಷ್ಟು ಹೊತ್ತು ಅಂಕಲನ್ನು ಆಡಿಕೊಂಡೆನಲ್ಲ, ಅವರಾದರೂ ತಿಳಿಯದೆ ಮಾತಾಡಿದವರು. ತಿಳಿದೂ ಬಾಯಿ ಮುಚ್ಚಿಕೊಂಡಿದ್ದವಳು ನಾನು.

ಅವನು ಪೂರ್ತಿ ಕೇಳಿಸಿಕೊಂಡ. “ಆ ಮೀಟಿಂಗಿನಲ್ಲಿ ನಾನೂ ಇದ್ದೆ. ನನಗೆ ನಿಮ್ಮ ಭಾಷೆ ಬರುವುದಿಲ್ಲ. ನೀವು ನಕ್ಕಿದ್ದು ಮಾತ್ರ ಕಾಣಿಸಿತು” ಎಂದು ಫೋನ್ ಇಟ್ಟ.

ಆ ಚಳಿಗಾಲವೂ ಎಲ್ಲವೂ ಹಳ್ಳಕ್ಕೇ ಹೋಯಿತು.

ಯುಗಾದಿಗೆ ಅಂಕಲ್ ಎಂದಿನಂತೆ ಫೋನ್ ಮಾಡಿ, “ಒಬ್ಬಟ್ಟು ಮಾಡಿಸ್ತಿದೀನಮ್ಮಾ, ಬರ್ತೀಯಲ್ಲ?” ಎಂದರು.

“ಬರಲ್ಲ ಅಂಕಲ್” ಎಂದೆ.